ಗೌರಿಬಿದನೂರಿನಲ್ಲಿ ವೆಂಕಟರವಣಪ್ಪ

ಬಸ್ಸು ಚಿಂತಾಮಣಿ ನಿಲ್ದಾಣ ಬಿಡುವ ಮೊದಲೇ ತಿರುಮಲೇಶನಿಗೆ ತನ್ನ ನಾಲಿಗೆಯನ್ನು ಇನ್ನೊಮ್ಮೆ ನೋಡಿಕೊಳ್ಳಬೇಕೆನ್ನಿಸಿತು. ಬೆಳಿಗ್ಗೆ ಬಚ್ಚಲ ಕನ್ನಡಿಯಲ್ಲಿ ಅದರ ನಡುವೆ ಬೆಳ್ಳಗೆ ಏನೋ ಕಂಡಿತ್ತು. ಉಜ್ಜಿದರೆ ಹೋಯಿತು. ಹೋಯಿತೆಂದ ಮೇಲೆ ಅದು ಮೊಸರನ್ನದ್ದೇ ಇರಬೇಕು. ಆದರೆ ರೋಗದ್ದೂ ಉಜ್ಜಿದರೆ ಹೋಗುವಂಥದ್ದೇ ಆಗಿದ್ದರೆ? ಕಿಟಕಿಯ ಗಾಜಿಗೆ ಮುಖ ಹತ್ತಿರ ತಂದು ನಾಲಿಗೆಯನ್ನು ಸ್ವಲ್ಪವೇ ಹೊರಗೆ ಹಾಕಿದ. ಗಾಜಿನ ಆಚೆ ಕಡಲೆಕಾಯಿ ಮಾರುತ್ತಿದ್ದ ಹೆಂಗಸು ಅದು ತನಗೇ ತೋರಿಸಿದ್ದೆಂದು ತಿಳಿದು, "ಥೂ, ಏಂ ಮನಿಷಯ್ಯಾ ನುವ್ವು" ಎಂದು ತೆಲುಗಿನಲ್ಲಿ ಬೈದು ಬುಟ್ಟಿ ಎತ್ತಿಕೊಂಡು ಮುಂದೆ ಹೋದಳು. ನಲವತ್ತು ದಾಟಿದ, ಮದುವೆಯಾಗದ, ಪ್ರೌಢಶಾಲೆಯ ಕನ್ನಡ ಪಂಡಿತನಾದ ತಾನು ಒಬ್ಬ ಹೆಂಗಸಿಗೆ ನಾಲಿಗೆ ತೋರಿಸಿದವನಾದೆನಲ್ಲ ಎಂದು ಅವನ ಕಿವಿ ಬಿಸಿಯಾಯಿತು. ಹಿಂದೆಯೇ ಕೆಮ್ಮು ಬಂತು. ಈ ಕೆಮ್ಮು ಯುಗಾದಿಯಿಂದ ಇತ್ತು. ಮೈಯೂ ಇಳಿದಿತ್ತು. ಸಕ್ಕರೆ ಕಾಯಿಲೆ ಬಂದೀತೆಂಬ ಭಯಕ್ಕೆ ರಾತ್ರಿಯ ಅನ್ನ ಬಿಟ್ಟದ್ದರಿಂದ ಮೈ ಇಳಿದಿರಬಹುದು ಎಂದು ಒಂದು ಮನಸ್ಸು ಹೇಳುತ್ತಿತ್ತು. ಇನ್ನೊಂದು ಮನಸ್ಸು ಹೋದ ವರ್ಷ ತೀರಿಕೊಂಡ ಸ್ನೇಹಿತ ರಮೇಶ್‌ಬಾಬುವೂ ಹೀಗೇ ಇಳಿದದ್ದನ್ನು ನೆನಪಿಸುತ್ತಿತ್ತು.

ರಕ್ತ ಪರೀಕ್ಷೆಗೆ ಗೌರಿಬಿದನೂರನ್ನು ಆರಿಸಿಕೊಳ್ಳಲು ಅವನು ವಾರಗಟ್ಟಲೆ ಯೋಚಿಸಿದ್ದ. ಚಿಂತಾಮಣಿಯ ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ಅವನ ಹಳೆಯ ವಿದ್ಯಾರ್ಥಿ. ಸಂಧಿ ಬಿಡಿಸಲು ಬಾರದೆ ದಿನಾ ಬೆಂಚಿನ ಮೇಲೆ ನಿಲ್ಲುತ್ತಿದ್ದವನು ಈಗ ಸೇಡು ತೀರಿಸಿಕೊಳ್ಳದೆ ಬಿಟ್ಟಾನೆಯೇ. ಶಿಡ್ಲಘಟ್ಟದಲ್ಲಿ ಬೀದಿಗೊಂದರಂತೆ ಅಮ್ಮನ ಕಡೆಯವರ ಮನೆಗಳು. ಚಿಕ್ಕಬಳ್ಳಾಪುರ ಈಚೆಗಷ್ಟೇ ಜಿಲ್ಲೆಯಾಗಿ, ಇಲಾಖೆಯ ದೊಡ್ಡವರೆಲ್ಲ ಅಲ್ಲೇ ಬಂದು ಕೂತಿದ್ದರು. ಉಳಿದದ್ದು ಗೌರಿಬಿದನೂರು. ಅಲ್ಲಿ ಅವನಿಗೆ ಪರಿಚಯದ ಒಂದು ನಾಯಿಯೂ ಇರಲಿಲ್ಲ. ಮುಖ್ಯೋಪಾಧ್ಯಾಯ ವೆಂಕಟರವಣಪ್ಪನವರಿಗೆ ಹಲ್ಲು ಕೀಳಿಸಬೇಕೆಂದು ಹೇಳಿ ರಜೆ ಪಡೆದಿದ್ದ. ತಾಯಿ ಅಕ್ಕಯ್ಯಮ್ಮನಿಗೆ ಇಲಾಖೆಯ ತರಬೇತಿ ಇದೆ ಎಂದಿದ್ದ. ಎರಡು ಸುಳ್ಳುಗಳು ಎಲ್ಲಿಯೂ ಒಂದನ್ನೊಂದು ಸಂಧಿಸದಂತೆ ನೋಡಿಕೊಂಡಿದ್ದೇನೆಂದು ಸಮಾಧಾನಪಟ್ಟುಕೊಳ್ಳುತ್ತಿರುವಾಗ ಬಸ್ಸು ಶಿಡ್ಲಘಟ್ಟದಲ್ಲಿ ನಿಂತಿತು. ಹಿಪ್ಪುನೇರಳೆ ಕಡ್ಡಿಗಳ ದೊಡ್ಡ ಕಟ್ಟನ್ನು ಹೆಗಲ ಮೇಲಿಟ್ಟುಕೊಂಡು, ದಾರಿಯಲ್ಲಿದ್ದವರಿಗೆಲ್ಲ ಅದರಿಂದ ತಿವಿಯುತ್ತಾ, ಅಮ್ಮನ ಚಿಕ್ಕಪ್ಪನ ಮಗ ಆವಲಪ್ಪ ಹತ್ತಿದ. ಹತ್ತಿದವನು ನೇರ ಬಂದು ಅವನ ಪಕ್ಕವೇ ಕೂತ.

"ಏನಪ್ಪಾ ತಿರುಮಲೇಶ, ಸ್ಕೂಲಿಲ್ವೇನಪ್ಪ ಇವತ್ತು?"

"ರಜ ಹಾಕಿದೀನಿ ಮಾವ."

"ಎಲ್ಲಿಗ್ ಹೊರಟೆ?"

ಹಲ್ಲು ಎನ್ನಬೇಕೋ ತರಬೇತಿ ಎನ್ನಬೇಕೋ ತಿಳಿಯಲಿಲ್ಲ. ಆವಲಪ್ಪ ಅಮ್ಮನನ್ನು ಕಾಣುತ್ತಾನೆ, ಹಾಗಾಗಿ ತರಬೇತಿ. ಆದರೆ ಅವನ ಮೊಮ್ಮಗಳು ತನ್ನ ಶಾಲೆಯಲ್ಲೇ ಓದುತ್ತಾಳೆ, ಹಾಗಾಗಿ ಹಲ್ಲು. "ಗೌರಿಬಿದನೂರಿಗೆ ಮಾವ. ಅದೇ... ನೋಡೋಕೆ" ಎಂದ.

"ನೋಡೋಕಾ? ಹೆಣ್ಣಾ?"

"ಹೂಂ" ಎಂದುಬಿಟ್ಟಿತು ಆ ದರಿದ್ರ ನಾಲಿಗೆ.

ಆವಲಪ್ಪ ಕಡ್ಡಿಗಳ ಕಟ್ಟನ್ನು ಕೆಳಗೆ ಹಾಕಿ ಅವನ ಎರಡೂ ಕೈಗಳನ್ನು ಹಿಡಿದುಕೊಂಡ. ಮುಂದಿನ ಸೀಟಿನವರು ತಿರುಗಿದರು. "ಈಗ್ಲಾದ್ರೂ ಬುದ್ಧಿ ಬಂತಲ್ಲಪ್ಪ. ನಮ್ಮಕ್ಕ ನಿನ್ ಚಿಂತೇಲೇ ಸಣ್ಣಗಾಗೋಗಿದ್ಲು. ಒಬ್ನೇ ಹೊರಟಿದೀಯಲ್ಲೋ, ಅಕ್ಕಂಗೆ ಹೇಳಿದೀಯಾ?"

"ಇಲ್ಲ ಮಾವ, ಮೊದಲು ನಾನೊಂದು ಸಲ ನೋಡಿ ಆಮೇಲೆ..."

"ಅದೇ ಸರಿ, ಅದೇ ಸರಿ. ಎರಡ್ನೇ ಸಂಬಂಧನಾ?"

"ಗೊತ್ತಿಲ್ಲ ಮಾವ."

"ಆಗ್ಲಿ ಬಿಡು, ಈ ವಯಸ್ಸಲ್ಲಿ ಅದೆಲ್ಲ ಯಾಕೆ ಕೇಳ್ತೀಯ" ಎಂದ ಆವಲಪ್ಪ, ತಿರುಮಲೇಶನೇ ಕೇಳಿದನೆಂಬಂತೆ. ಅವನೂ ಗೌರಿಬಿದನೂರಿಗೇ ಹೊರಟಿದ್ದ, ಮಗಳ ಮನೆಯವರ ತೋಟಕ್ಕೆ ಕಡ್ಡಿ ಕೊಡಲು. ಟಿಕೆಟ್ಟು ಕೊಡಲು ಬಂದ ಕಂಡಕ್ಟರನಿಗೂ ವಿಷಯ ಮುಟ್ಟಿ, ಅವನು "ಒಳ್ಳೇದಾಗ್ಲಿ ಸಾರ್" ಎಂದ.

ಚಿಕ್ಕಬಳ್ಳಾಪುರ ಬಿಟ್ಟ ಮೇಲೆ ಆವಲಪ್ಪನ ತಲೆ ತೂಕಡಿಸಿ ಅವನ ಭುಜಕ್ಕೆ ಬಿತ್ತು. ಭುಜ ಅಲುಗಿಸದೆ ಕೂತ. ಹೀಗೆ ಅವನ ಭುಜದ ಮೇಲೆ ತಲೆಯಿಟ್ಟ ಇನ್ನೊಬ್ಬ ಗಂಡಸೆಂದರೆ ರಮೇಶ್‌ಬಾಬು ಒಬ್ಬನೇ. ಅವನದು ಚಿಂತಾಮಣಿಯಲ್ಲಿ ಬೀಜದ ಅಂಗಡಿಯ ಮೇಲಿನ ಮಹಡಿಯಲ್ಲಿ ಟೈಪಿಂಗ್ ಶಾಲೆ. ತಿರುಮಲೇಶ ಅಲ್ಲಿಗೆ ಕನ್ನಡ ಟೈಪಿಂಗ್ ಕಲಿಯಲು ಸೇರಿ ವರ್ಷಗಳಾದರೂ ಕಲಿಯುತ್ತಲೇ ಇದ್ದ, ಪರೀಕ್ಷೆಗೆ ಮಾತ್ರ ಕಟ್ಟಲಿಲ್ಲ. ಅವನ ಜೊತೆಗೆ ಸೇರಿದ ಹುಡುಗಿಯರೆಲ್ಲ ಪಾಸಾಗಿ, ಕೆಲಸ ಸಿಕ್ಕಿ, ಮದುವೆಯಾಗಿ, ಬಸುರಿಯರಾಗಿ ಸಿಹಿ ಹಂಚಲು ಬಂದಾಗಲೂ ಅವನು ಅದೇ ಕಿಟಕಿಯ ಪಕ್ಕ ಕೂತು ಒತ್ತಕ್ಷರ ಕುಟ್ಟುತ್ತಿದ್ದ. "ಮೇಷ್ಟ್ರೇ, ನಿಮಗೆ ಸರ್ಟಿಫಿಕೇಟ್ ಬಂದ ದಿನ ಮಿಷನ್‌ಗೆ ಹೃದಯ ಒಡೆದೋಗುತ್ತೆ" ಎನ್ನುತ್ತಿದ್ದ ರಮೇಶ್‌ಬಾಬು. ಭಾನುವಾರ ಮಧ್ಯಾಹ್ನ ಶಾಲೆಗೆ ಬೀಗ. ಬೀಗ ಒಳಗಿನಿಂದ. ಆಮೇಲೆ ಒಂದು ದಿನ ರಮೇಶ್‌ಬಾಬು ಕೆಮ್ಮತೊಡಗಿದ. ಟಿ.ಬಿ. ಎಂದರು. ನಂತರ ಟಿ.ಬಿ. ಎನ್ನುವಾಗ ದನಿ ತಗ್ಗಿಸತೊಡಗಿದರು. ತಿರುಮಲೇಶ ಟೈಪಿಂಗ್ ಬಿಟ್ಟ. ರಮೇಶ್‌ಬಾಬು ಸತ್ತ ದಿನ ತರಗತಿಯಲ್ಲಿ ಹೇಳದೆ ಕೇಳದೆ ಕಿರುಪರೀಕ್ಷೆ ಕೊಟ್ಟು, ಮಕ್ಕಳೆಲ್ಲ ತಲೆ ತಗ್ಗಿಸಿ ಬರೆಯುತ್ತಿರುವಾಗ ಕಪ್ಪುಹಲಗೆಯ ಕಡೆ ತಿರುಗಿ ನಿಂತಿದ್ದ. ಅದು ಹೋದ ವರ್ಷದ ಮಾತು. ಆವಲಪ್ಪ ಗೊರಕೆ ಹೊಡೆದ.

ಆಸ್ಪತ್ರೆಯಲ್ಲಿ ಆ ಕೋಣೆ ಹುಡುಕುವುದು ಕಷ್ಟವಾಗಲಿಲ್ಲ. ಎಲ್ಲರೂ ಯಾವ ಬಾಗಿಲನ್ನು ನೋಡದಂತೆ ನಡೆಯುತ್ತಿದ್ದರೋ ಅದೇ ಆ ಬಾಗಿಲು. ಪಕ್ಕದ ಗೋಡೆಯ ಮೇಲೆ ಯಾವುದೋ ಯುವಕ ಸಂಘದವರು ಅಂಟಿಸಿದ ಹಾಳೆಯಲ್ಲಿ 'ಏಡ್ಸ್ ಎಂಬ ಮಹಾಮರಿಯನ್ನು ಓಡಿಸೋಣ' ಎಂದಿತ್ತು. ಮಾರಿಯ ದೀರ್ಘ ಮಾಯವಾಗಿ ಅದೊಂದು ದೊಡ್ಡ ಕುರಿಮರಿಯಾಗಿತ್ತು. ಪ್ರಾಣಭಯದಲ್ಲೂ ತಿರುಮಲೇಶನ ಕೈ ಜೇಬಿನ ಪೆನ್ನಿಗೆ ಹೋಯಿತು. ಪೆನ್ನಿನ ಮುಚ್ಚಳ ತೆಗೆದು ದೀರ್ಘ ಹಾಕುತ್ತಿರುವಾಗ ಹಿಂದಿನಿಂದ ಯಾರೋ, "ಥ್ಯಾಂಕ್ಸ್ ಸಾರ್, ಆರು ತಿಂಗಳಿಂದ ಯಾರೂ ನೋಡಿರ್ಲಿಲ್ಲ" ಎಂದರು.

ತಿರುಗಿದರೆ ನವಿಲು ಬಣ್ಣದ ಅಂಗಿ, ಕೊರಳಲ್ಲಿ ಗುರುತಿನ ಚೀಟಿ, ಹುಬ್ಬು ತೀಡಿದ ಮುಖ. ಚೀಟಿಯಲ್ಲಿ ಉದಯಕುಮಾರ್, ಕ್ಷೇತ್ರ ಕಾರ್ಯಕರ್ತ ಎಂದಿತ್ತು. ಆ ಮುಖವನ್ನು ತಿರುಮಲೇಶ ಬಲ್ಲ. ಬಹಳ ಹಿಂದೆ ಚಿಂತಾಮಣಿಯ ಬಸ್ ನಿಲ್ದಾಣದ ಹಿಂದೆ, ಸಂಜೆಯ ಹೊತ್ತು, ಒಬ್ಬ ಪೊಲೀಸಿನವನು ಇದೇ ಉದಯಕುಮಾರನನ್ನು ಲಾಠಿ ತೋರಿಸಿ ಅಟ್ಟಿಸಿಕೊಂಡು ಹೋದದ್ದನ್ನೂ, ಇವನು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ್ದನ್ನೂ ನೋಡಿದ್ದ. ತನ್ನಂಥವನು ಅಲ್ಲಿ ಏಕೆ ನಿಂತಿದ್ದ ಎಂದು ಯಾರೂ ಕೇಳಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿದವರನ್ನು ಕೇಳುವುದಿಲ್ಲ. ಈಗ ಬಾಗಿಲ ಪಕ್ಕದ ಬೆಂಚಿನ ಮೇಲೆ ಮಫ್ತಿಯಲ್ಲಿ ಕೂತಿದ್ದ, ಬೂಟಿನಿಂದಲೇ ಪೊಲೀಸೆಂದು ತಿಳಿಯುತ್ತಿದ್ದ ದಪ್ಪ ಮನುಷ್ಯನೊಬ್ಬ ದೈನ್ಯದಿಂದ, "ಉದಯ್ ಸಾರ್, ಇನ್ನೂ ಎಷ್ಟೊತ್ತಾಗುತ್ತೆ?" ಎಂದ. "ಭಯ ಪಡಬೇಡಿ, ಕೂತಿರಿ" ಎಂದು ಉದಯಕುಮಾರ್ ಅವನ ಬೆನ್ನು ತಟ್ಟಿದ. ಆಮೇಲೆ ಇವನ ಕಡೆ ತಿರುಗಿ, "ಹೆಸರೇನ್ ಸಾರ್? ನಿಜವಾದ್ದೇ ಬೇಕೂಂತೇನಿಲ್ಲ. ಬೆಳಿಗ್ಗೆಯಿಂದ ಬರೀ ಮಂಜುನಾಥಗಳೇ ಬಂದವ್ರೆ."

ಮಂಜುನಾಥ ಎನ್ನಬೇಕೆಂದುಕೊಂಡಿದ್ದ ತಿರುಮಲೇಶ ಗಾಬರಿಯಾಗಿ, "ವೆಂಕಟರವಣಪ್ಪ" ಎಂದ.

"ಪಾಪ, ಇಷ್ಟುದ್ದ ಯಾರೂ ಸುಳ್ಳು ಹೇಳಲ್ಲ. ಕೂತ್ಕೊಳಿ ಸಾರ್."

ಕೂತ. ಮುಖ್ಯೋಪಾಧ್ಯಾಯರ ಹೆಸರು ತಗುಲಿದೊಡನೆ ಅವನಿಗೆ ಅರಿವಿಲ್ಲದೆ ಬೆನ್ನು ನೆಟ್ಟಗಾಗಿತ್ತು. ಆ ಸಾಧು, ಏಕಪತ್ನೀವ್ರತಸ್ಥ, ಏಕಾದಶಿಗೆ ನೀರೂ ಕುಡಿಯದ ಮನುಷ್ಯನನ್ನು ತಂದು ಈ ಬೆಂಚಿನ ಮೇಲೆ ಕೂರಿಸಿದೆನಲ್ಲ ಎಂದು ಮರುಕವಾಯಿತು. ಒಳಗಿನಿಂದ "ವೆಂಕಟರವಣಪ್ಪಾ!" ಎಂದು ಕೂಗಿದಾಗ, ಯಾರಪ್ಪಾ ಆ ಹತಭಾಗ್ಯ ಎಂದು ಎಲ್ಲರಂತೆ ಅವನೂ ಸುತ್ತ ನೋಡಿದ. ಎರಡನೆಯ ಸಲ ಕೂಗಿದಾಗ ಪೊಲೀಸಿನವನು ಮೊಣಕೈಯಿಂದ ತಿವಿದ.

ಒಳಗೆ ಮೇಜಿನ ಆಚೆ ಕೂತಿದ್ದವಳು ವರಲಕ್ಷ್ಮಿ. ರಮೇಶ್‌ಬಾಬುವಿನ ಹೆಂಡತಿ.

ಓಡಿಹೋಗಬೇಕೆನ್ನಿಸಿತು. ಆದರೆ ಕಾಲುಗಳು ವೆಂಕಟರವಣಪ್ಪನವರವು, ಅವು ಯಾವತ್ತೂ ಓಡಿದವಲ್ಲ. ಗಂಡ ಸತ್ತ ಮೇಲೆ ಅವಳು ತವರಿಗೆ ಹೋದಳೆಂದು ಕೇಳಿದ್ದ. ತವರು ಎಲ್ಲಿ ಎಂದು ಕೇಳಿರಲಿಲ್ಲ. ಇಡೀ ಜಿಲ್ಲೆಯಲ್ಲಿ ಯಾರೂ ಪರಿಚಯವಿಲ್ಲದ ಊರನ್ನು ಆರಿಸಿದ ತನ್ನ ಬುದ್ಧಿವಂತಿಕೆಯನ್ನು ನೆನೆದು ಬೆವರಿದ. ಅವಳು ಅವನ ಮುಖವನ್ನು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ಕೂತ್ಕೊಳಿ. ಹೆಸರು?" ಎಂದಳು.

"ವೆಂಕಟರವಣಪ್ಪ."

"ಊರು?"

"ಮಂಡಿಕಲ್."

"ಕೆಲಸ?"

"ಬೇಸಾಯ."

ಅವಳ ಕಣ್ಣು ಅವನ ಉಗುರಿನ ಸಂದಿಯ ಸೀಮೆಸುಣ್ಣದ ಮೇಲೆ ನಿಂತಿತು. "ಏನ್ ಬೆಳೀತೀರಾ?"

"ರಾಗಿ. ದ್ರಾಕ್ಷಿ. ಆಲೂಗೆಡ್ಡೆ."

"ಎಲ್ಲಾ ಒಟ್ಟಿಗೇನಾ?"

"ಹೂಂ."

"ಒಳ್ಳೇ ಭೂಮಿ" ಎಂದಳು ವರಲಕ್ಷ್ಮಿ, ನಗದೆ. ಪೆನ್ನು ಕೆಳಗಿಟ್ಟು, ಎಷ್ಟೋ ಜನಕ್ಕೆ ಹೇಳಿ ಹೇಳಿ ನುಣುಪಾದ ದನಿಯಲ್ಲಿ ಮುಂದುವರಿಸಿದಳು. "ನೋಡಿ ವೆಂಕಟರವಣಪ್ಪನೋರೇ, ಇಲ್ಲಿ ಆಡಿದ ಮಾತು ಈ ಬಾಗಿಲು ದಾಟಲ್ಲ. ನಾನೂ ಸೋಂಕಿರೋಳೇ. ಮಾತ್ರೆ ತಗೋತೀನಿ, ಕೆಲಸ ಮಾಡ್ತೀನಿ, ಚೆನ್ನಾಗಿದೀನಿ. ಈಗ ಕೇಳೋದಕ್ಕೆ ಬೇಜಾರು ಮಾಡ್ಕೋಬೇಡಿ. ನಿಮಗೆ ಭಯ ಯಾಕೆ ಬಂತು? ಹೆಂಗಸರಿಂದಲಾ, ಗಂಡಸರಿಂದಲಾ?"

ಸೋಂಕಿರೋಳೇ. ಅವಳು ಅದನ್ನು ತಾನು ಇಂಥ ಊರಿನವಳು ಎಂಬಷ್ಟು ಸಲೀಸಾಗಿ ಹೇಳಿದ್ದಳು. ತಲೆಯ ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. "ಒಬ್ಬ ಸ್ನೇಹಿತ ಇದ್ದ" ಎಂದ ತಿರುಮಲೇಶ.

"ಈಗ?"

"ತೀರ್ಕೊಂಡ."

ವರಲಕ್ಷ್ಮಿ ಎದ್ದು ಹೋಗಿ ಅರೆ ತೆರೆದಿದ್ದ ಬಾಗಿಲನ್ನು ಪೂರ್ತಿ ಹಾಕಿ ಬಂದಳು. "ನಮ್ಮೋರೂ ಹಂಗೇ ಹೋದ್ರು" ಎಂದಳು ಕೂರುತ್ತಾ. "ನಿಮಗೆ ಗೊತ್ತಿರಲ್ಲ ಬಿಡಿ, ನೀವು ಮಂಡಿಕಲ್ ಕಡೆಯೋರು. ನಾವು ಚಿಂತಾಮಣೀಲಿದ್ವಿ. ಅಲ್ಲಿ ನಮ್ಮೋರಿಗೊಬ್ರು ಮೇಷ್ಟ್ರು ಸ್ನೇಹಿತ್ರು. ತಿರುಮಲೇಶ್ ಮೇಷ್ಟ್ರು ಅಂತ. ಕೇಳಿದೀರಾ?"

"ಇಲ್ಲ" ಎಂದ ತಿರುಮಲೇಶ.

"ನಮ್ಮೋರು ಮಲಗಿದಲ್ಲೇ ಆದಾಗ ಆ ಮೇಷ್ಟ್ರು ಒಂದ್ಸಲ ನೋಡೋಕೆ ಬಂದ್ರು. ಬಂದ್ರು ಅಂದ್ರೆ, ಒಳಗೆ ಬರ್ಲಿಲ್ಲ. ಮೂಸಂಬಿ ಚೀಲ ಗೇಟಿಗೆ ನೇತಾಕಿ, ಬೆಲ್ ಒತ್ತಿ, ಓಡೋಗ್ಬಿಟ್ರು. ಕಿಟಕೀಲಿ ಇಬ್ರೂ ನೋಡ್ತಾ ಇದ್ವಿ. ಪಂಚೆ ಒಂದು ಕೈಲಿ ಹಿಡ್ಕೊಂಡು, ಎದುರಿಗೆ ಹಾಲಿನೋನ್ ಸೈಕಲ್‌ಗೆ ಗುದ್ಕೊಂಡು, ಹಿಂದೆ ತಿರುಗ್ದೆ ಓಡಿದ್ದೇ ಓಡಿದ್ದು. ನಮ್ಮೋರು ನಕ್ಕೂ ನಕ್ಕೂ ಕೆಮ್ಮು ಹತ್ಕೊಂಡು, ನಾನು ಬೆನ್ನು ನೀವ್ಬೇಕಾಯ್ತು. ನಂಗೂ ನಗು. ಮದುವೆಯಾಗಿ ಅಷ್ಟು ವರ್ಷಕ್ಕೆ ಇಬ್ರೂ ಒಟ್ಟಿಗೆ ನಕ್ಕಿದ್ದು ಅವತ್ತೇ."

ತಿರುಮಲೇಶ ಮೇಜಿನ ಮೇಲಿನ ಹತ್ತಿಯ ಸುರುಳಿಯನ್ನು ನೋಡುತ್ತಿದ್ದ. ತಾನು ಓಡಿದ್ದನ್ನು ಯಾರೂ ನೋಡಿಲ್ಲವೆಂದು ಅವನು ನಂಬಿದ್ದ. ಆ ನಂಬಿಕೆಯ ಮೇಲೆ ಒಂದು ವರ್ಷ ನಿದ್ದೆ ಮಾಡಿದ್ದ. ಆ ಅವಮಾನದ ನಡುವೆಯೇ, ರಮೇಶ್‌ಬಾಬು ನಕ್ಕ ಎಂಬ ಸುದ್ದಿ ಬೆಳಿಗ್ಗೆ ಕುಡಿಯದೆ ಬಂದ ಕಾಫಿಯಂತೆ ಎದೆಯೊಳಗೆ ಬಿಸಿಯಾಗಿ ಇಳಿಯಿತು.

"ಆ ಮೇಷ್ಟ್ರ ಮೇಲೆ ನಿಮಗೆ ಕೋಪ ಇಲ್ವಾ?" ಎಂದು ವೆಂಕಟರವಣಪ್ಪ ಕೇಳಿದ.

"ಇತ್ತು. ರೋಗಕ್ಕಲ್ಲ, ರೋಗ ಯಾರಿಂದ ಯಾರಿಗೆ ಬಂತೋ ನಂಗೇನ್ ಗೊತ್ತು. ಮಹಡಿ ಮೇಲಿಂದ ಇವರಿಬ್ರ ಮಾತು, ನಗು ಬೀದಿಗೆ ಕೇಳ್ಸೋದು. ಮನೆಗೆ ಬಂದ್ರೆ ಸಾರಿಗೆ ಉಪ್ಪು ಕಮ್ಮಿ ಅನ್ನೋದೊಂದೇ ಮಾತು. ಅದಕ್ಕೆ ಕೋಪ. ಕಾಯಿಲೆ ಬಿದ್ದ ಮೇಲೆ ನನ್ಹತ್ರ ಮಾತಾಡೋಕೆ ಶುರು ಮಾಡಿದ್ರು. ಎಲ್ಲಾ ಹೇಳ್ಬಿಟ್ರು. ಕೇಳಿ ಎರಡು ದಿನ ನಾನು ಅಡುಗೆ ಮಾಡ್ಲಿಲ್ಲ. ಮೂರನೇ ದಿನ ಹಸಿವಾಯ್ತು, ಮಾಡಿದೆ." ಅವಳು ಹೊರಗಿನ ಬೆಂಚಿನ ಕಡೆ ಕತ್ತು ತಿರುಗಿಸಿ ತೋರಿಸಿದಳು. "ಸತ್ತಾಗ ಮೈದುನಂದಿರು ಮುಟ್ಟೋಕೆ ಒಪ್ಪಲಿಲ್ಲ. ಈ ಉದಯ ಮತ್ತೆ ಅವನ ಕಡೆಯೋರು ಬಂದ್ರು. ಒಬ್ಬೊಬ್ರು ಒಂದೊಂದು ಬಣ್ಣದ ಅಂಗಿ ಹಾಕ್ಕೊಂಡು ಹೆಗಲು ಕೊಟ್ರು. ಊರೆಲ್ಲಾ ಬಾಗಿಲಲ್ಲಿ ನಿಂತು ನೋಡ್ತು. ಅವತ್ತಿಂದ ನಂಗೆ ಇವರೇ ಮೈದುನಂದಿರು."

ತಿರುಮಲೇಶನಿಗೆ ಆ ದಿನದ ಕಪ್ಪುಹಲಗೆ ಕಾಣಿಸಿತು. "ಆ ಮೇಷ್ಟ್ರು ಬರ್ಬೇಕಾಗಿತ್ತು" ಎಂದ.

"ಬರ್ಬೇಕಾಗಿತ್ತು" ಎಂದಳು ಅವಳು. ಪೆನ್ನು ಎತ್ತಿಕೊಂಡು ಚೀಟಿ ಬರೆದುಕೊಟ್ಟಳು. "ಹೋಗಿ, ರಕ್ತ ಕೊಟ್ಟು ಹೊರಗೆ ಕೂತಿರಿ. ಮಧ್ಯಾಹ್ನದೊಳಗೆ ಹೇಳ್ತೀನಿ."

ರಕ್ತ ಕೊಟ್ಟು, ಮೊಣಕೈ ಮಡಚಿಕೊಂಡು ಹೊರಗೆ ಬಂದವನನ್ನು ಉದಯಕುಮಾರ್ ಆಸ್ಪತ್ರೆಯ ಎದುರಿನ ಟೀ ಅಂಗಡಿಗೆ ಕರೆದುಕೊಂಡು ಹೋದ. ಬೆಂಚಿನ ಮೇಲೆ ಕಾಯುವವರು ಒಬ್ಬೊಬ್ಬರೇ ಇದ್ದರೆ ಎದ್ದು ಓಡಿಹೋಗುತ್ತಾರೆ, ಅವರನ್ನು ಹಿಡಿದಿಟ್ಟುಕೊಳ್ಳುವುದು ತನ್ನ ಕೆಲಸವೆಂದು ವಿವರಿಸಿದ. ಟೀ ಬಂದ ಮೇಲೆ ಬಿಸ್ಕತ್ತನ್ನು ಅದ್ದುತ್ತಾ, ಹವಾಮಾನ ಕೇಳುವವನಂತೆ, "ಸಾರ್, ನೀವು ಕೋತಿನಾ, ಪಂತಿನಾ?" ಎಂದ.

ತಿರುಮಲೇಶ ಲೋಟ ಕೆಳಗಿಟ್ಟ. ಜೀವಮಾನದಲ್ಲಿ ಯಾರೂ ಅವನನ್ನು ಮುಖಕ್ಕೆ ಮುಖ ಕೊಟ್ಟು ಕೋತಿಯೇ ಎಂದು ಕೇಳಿರಲಿಲ್ಲ. ಉದಯಕುಮಾರ್ ಅವನ ಮುಖ ನೋಡಿ ನಗು ತಡೆಯಲಾರದೆ, "ಮಂಗ ಅಲ್ಲ ಸಾರ್! ನಮ್ಮೋರ ಮಾತು. ನನ್ನಂಗೆ ಸ್ವಲ್ಪ ವಯ್ಯಾರ ಇರೋರು ಕೋತಿ. ಗಂಡಸಿನ ಗತ್ತಲ್ಲಿರೋರು ಪಂತಿ. ಎರಡೂ ಕಡೆ ಇರೋರು ಡಬಲ್ ಡೆಕ್ಕರ್" ಎಂದ. ಕೋತಿ ಎಂಬುದು ಕನ್ನಡದಲ್ಲಿ ನಪುಂಸಕಲಿಂಗ ಎಂದು ತಿರುಮಲೇಶನ ಮನಸ್ಸು ಎಂದಿನ ಚಾಳಿಯಲ್ಲಿ ಹೇಳಿತು. ಎಂಟನೆಯ ತರಗತಿಗೆ ಲಿಂಗಗಳ ಪಾಠ ಮಾಡುವಾಗ ಪ್ರತಿ ವರ್ಷ ಹುಡುಗರು ಕಿಸಕ್ಕೆನ್ನುವುದೂ, ಆಗೆಲ್ಲ ತಾನು ಮುಂದಿನ ಉದಾಹರಣೆಗೆ ಮರ, ಕಲ್ಲು ಎಂದು ಓಡುವುದೂ ನೆನಪಾಯಿತು. "ಈ ವಿಂಗಡಣೆಯಲ್ಲಿ ಅವ್ಯಯ ಇಲ್ವಾ?" ಎಂದ.

"ಅಂದ್ರೆ ಸಾರ್?"

"ಲಿಂಗ, ವಚನ ಯಾವುದೂ ಇಲ್ಲದೆ, ಎಲ್ಲೂ ರೂಪ ಬದಲಾಯಿಸದೆ ಸುಮ್ಮನಿರೋದು."

"ಓ, ಅಂಥೋರೇ ಜಾಸ್ತಿ ಸಾರ್ ನಮ್ಮಲ್ಲಿ" ಎಂದ ಉದಯಕುಮಾರ್ ಗಂಭೀರವಾಗಿ. "ಮೊದಲು ನಾನೂ ಅದೇ. ಪಕ್ಕದ ಬೀದೀಲೇ ನಮ್ಮಂಥೋನಿದ್ರೂ ಗೊತ್ತಿರ್ತಾ ಇರ್ಲಿಲ್ಲ. ಕತ್ತಲಲ್ಲಿ ಬರೀ ಬೀಡಿ ಬೆಂಕಿ ಕಾಣ್ಸೋದು, ಮುಖ ಕಾಣ್ತಿರ್ಲಿಲ್ಲ. ಈ ರೋಗ ಬಂತು ನೋಡಿ, ಸರ್ಕಾರದೋರು ನಮ್ಮನ್ನ ಹುಡುಕ್ಕೊಂಡು ಬಂದ್ರು. ರೂಮು ಕೊಟ್ರು, ಮೇಜು ಕುರ್ಚಿ ಕೊಟ್ರು, ಕೊರಳಿಗೆ ಚೀಟಿ ಹಾಕಿದ್ರು. ಮೊದಲ ಮೀಟಿಂಗಲ್ಲಿ ಟ್ಯೂಬ್‌ಲೈಟ್ ಹಾಕ್ದಾಗ ನಾವು ಒಬ್ರಿಗೊಬ್ರು ಮುಖ ನೋಡ್ಕೊಂಡು, ಅಯ್ಯೋ ನೀನಾ, ನೀನಾ ಅಂತ. ನಮ್ಮ ಸೋದರತ್ತೆ ಮಗನೇ ಕೂತಿದ್ದ ಸಾರ್!"

"ರೋಗದ ದಾರಿಯಲ್ಲಿ ಬಂದ ಮರ್ಯಾದೆ" ಎಂದ ತಿರುಮಲೇಶ. ತರಗತಿಯಲ್ಲಿ ವ್ಯಂಗ್ಯವಾಗಿ ಆಡುವ ದನಿಯಲ್ಲೇ ಆಡಿದ್ದ.

"ಬೇರೆ ದಾರೀಲಿ ಬರುತ್ತೇನೋ ಅಂತ ಕಾದ್ವಿ ಸಾರ್, ಬರ್ಲಿಲ್ವಲ್ಲ." ಉದಯಕುಮಾರನ ಬಿಸ್ಕತ್ತು ಕರಗಿ ಲೋಟದೊಳಗೆ ಬಿತ್ತು. ಅದನ್ನು ಬೆರಳಿನಿಂದ ತೆಗೆಯುತ್ತಾ, ದನಿ ಬದಲಿಸದೆ ಹೇಳಿದ. "ನಮ್ಮ ಮೇಲಿನ ಪ್ರೀತಿಗೆ ಬರ್ಲಿಲ್ಲ ಅಂತ ನಮಗೂ ಗೊತ್ತು. ನಮ್ಮಿಂದ ಅವರ ಮನೇಗೂ ಬರುತ್ತೆ ಅಂತ ಭಯಕ್ಕೆ ಬಂದ್ರು. ಭಯಕ್ಕೆ ಬಂದೋರು ಕೂತು ಟೀ ಕುಡಿದ್ರು. ಮಾತಾಡಿದ್ರು. ಆಮೇಲೆ ಮನೇಲಿ ಮಗು ನಾಮಕರಣಕ್ಕೆ ಕರೆದ್ರು. ತೀರಿಹೋದೋರು ಬಹಳ ಜನ ಸಾರ್. ಟ್ಯೂಬ್‌ಲೈಟ್ ಹಾಕಿದ ದಿನ ಇದ್ದೋರಲ್ಲಿ ಅರ್ಧ ಜನ ಈಗಿಲ್ಲ. ಅವರ ಪಾಲಿನ ಟೀನೂ ನಾವೇ ಕುಡೀತಿದೀವಿ." ಅವನು ಇನ್ನೆರಡು ಟೀ ಹೇಳಿದ.

ಫಲಿತಾಂಶಕ್ಕೆ ಕರೆದಾಗ ತಿರುಮಲೇಶ ಎದ್ದು ಮತ್ತೆ ಆ ಬಾಗಿಲೊಳಗೆ ನಡೆದ. ತಾನು ಸತ್ತರೆ ಅಮ್ಮನಿಗೆ ಯಾರು, ಹತ್ತನೆಯ ತರಗತಿಯ ಛಂದಸ್ಸು ಇನ್ನೂ ಮುಗಿದಿಲ್ಲ, ತನ್ನ ಶವಕ್ಕೆ ಬಣ್ಣದ ಅಂಗಿಯವರು ಹೆಗಲು ಕೊಡುತ್ತಾರೋ ಇಲ್ಲವೋ, ಕೊಟ್ಟರೆ ಆವಲಪ್ಪ ಏನೆಂದುಕೊಳ್ಳುತ್ತಾನೆ, ಎಲ್ಲವೂ ಒಟ್ಟಿಗೆ ತಲೆಯೊಳಗೆ ನುಗ್ಗಿದವು. ವರಲಕ್ಷ್ಮಿ ಅವನು ಕೂರುವವರೆಗೂ ಕಾಯಲಿಲ್ಲ. "ಇಲ್ಲ. ಸೋಂಕಿಲ್ಲ. ಕೆಮ್ಮಿಗೆ ಬೇರೆ ಡಾಕ್ಟ್ರಿಗೆ ತೋರಿಸ್ಕೊಳಿ" ಎಂದಳು.

ಅವನು ಕುರ್ಚಿಯ ಬೆನ್ನನ್ನು ಹಿಡಿದುಕೊಂಡ. ಸಂತೋಷ ಬಂತು, ನಿಜವಾಗಿಯೂ ಬಂತು, ಬಾಲ್ಯದಲ್ಲಿ ಶಾಲೆಗೆ ರಜೆ ಎಂದಾಗ ಬರುವಂಥದ್ದು. ಅದರ ಬೆನ್ನಿಗೇ ಇನ್ನೊಂದು ಬಂತು, ಅದನ್ನು ಅವನು ನಿರೀಕ್ಷಿಸಿರಲಿಲ್ಲ. ರಮೇಶ್‌ಬಾಬು ತನಗೆ ಏನನ್ನೂ ಬಿಟ್ಟುಹೋಗಲಿಲ್ಲ. ಮೈಯೊಳಗಿನ ಈ ಒಂದು ವಿಷವನ್ನೂ ಹೆಂಡತಿಗೇ ಕೊಟ್ಟು ಹೋದ. ಈ ಹೊಟ್ಟೆಕಿಚ್ಚು ಎಷ್ಟು ನೀಚವಾಗಿ ಕಂಡಿತೆಂದರೆ, ಎದುರಿಗೆ ಕೂತ ಆ ಹೆಂಗಸಿನ ತೆಳ್ಳನೆಯ ಮಣಿಕಟ್ಟನ್ನು ನೋಡುತ್ತಾ ಅವನ ಕಣ್ಣು ತುಂಬಿ, "ಕ್ಷಮಿಸಿ" ಎಂದ.

"ಯಾಕೆ?"

"ಇಲ್ಲ ಅಂತ ಬಂತಲ್ಲ."

ವರಲಕ್ಷ್ಮಿ ಅವನನ್ನು ದಿಟ್ಟಿಸಿ ನೋಡಿದಳು. "ಎಷ್ಟೋ ಜನಕ್ಕೆ ಇಲ್ಲ ಅಂತ ಹೇಳಿದೀನಿ. ಕಾಲಿಗೆ ಬಿದ್ದೋರಿದಾರೆ, ತೆಂಗಿನಕಾಯಿ ಒಡೆದೋರಿದಾರೆ. ಅದಕ್ಕೆ ಕ್ಷಮೆ ಕೇಳಿದೋರು ನೀವೇ ಮೊದಲು" ಎಂದಳು. ಅವಳ ತುಟಿಯ ಕೊನೆ ಅಲುಗಿತು. "ನಡೀರಿ ತಿರುಮಲೇಶ್ ಮೇಷ್ಟ್ರೇ. ವೆಂಕಟರವಣಪ್ಪನೋರು ಮಂಡಿಕಲ್‌ಗೆ ಹೋಗಿ ಆಲೂಗೆಡ್ಡೆ ಕೀಳ್ಲಿ. ನಿಮಗೆ ಸಂಜೆವರೆಗೂ ಬೇರೆ ಕೆಲಸ ಇಲ್ಲ ತಾನೇ? ನಗರಗೆರೇಲಿ ಹೆಂಗಸರ ಸಂಘದ ಮುಂದೆ ಕಾರ್ಯಕ್ರಮ ಇದೆ. ಚಿತ್ರದ ಹಾಳೆ ತಿರುಗ್ಸೋನು ಕೈಕೊಟ್ಟಿದಾನೆ."

ಅದು ಕೋರಿಕೆಯಂತಿರಲಿಲ್ಲ. ಬರ್ಬೇಕಾಗಿತ್ತು ಎಂದಾಗಿನ ದನಿಯೇ ಅದರಲ್ಲೂ ಇತ್ತು. ಜೀಪಿನ ಹಿಂದಿನ ಸೀಟಿನಲ್ಲಿ, ಚಿತ್ರಗಳ ಸುರುಳಿಯನ್ನು ಮಡಿಲಲ್ಲಿಟ್ಟುಕೊಂಡು, ಅವನು ವರಲಕ್ಷ್ಮಿಯ ಪಕ್ಕ ಕೂತ. ಬಸ್ ನಿಲ್ದಾಣದ ತಿರುವಿನಲ್ಲಿ ಎಮ್ಮೆ ಅಡ್ಡ ಬಂದು ಜೀಪು ನಿಂತಾಗ, ರಸ್ತೆಯ ಪಕ್ಕ ಬಾಳೆಹಣ್ಣು ಸುಲಿಯುತ್ತಿದ್ದ ಆವಲಪ್ಪ ಕಂಡ. ಅವನು ತಿರುಮಲೇಶನನ್ನು ನೋಡಿದ, ಪಕ್ಕದಲ್ಲಿದ್ದ ಹೆಂಗಸನ್ನು ನೋಡಿದ, ಅವಳ ಬೋಳು ಹಣೆಯನ್ನೂ ನೋಡಿದ. ಎರಡನೇ ಸಂಬಂಧವೆಂಬ ತನ್ನ ಊಹೆ ನಿಜವಾದ ಹೆಮ್ಮೆಯಲ್ಲಿ ಅವನ ಮುಖ ಅರಳಿತು. ಹಣ್ಣು ಹಿಡಿದ ಕೈಯನ್ನೇ ಎತ್ತಿ ಆಶೀರ್ವಾದ ಮಾಡಿದ. "ಯಾರದು?" ಎಂದಳು ವರಲಕ್ಷ್ಮಿ. ತಿರುಮಲೇಶ ಹೇಳಿದ. ಬಸ್ಸಿನ ಕಥೆಯನ್ನೂ ಹೇಳಬೇಕಾಯಿತು. ಮುಂದಿನ ಸೀಟಿನಲ್ಲಿ ಉದಯಕುಮಾರ್ ಉಸಿರು ಕಟ್ಟುವಷ್ಟು ನಕ್ಕು, "ಅಕ್ಕಾ, ನಿನ್ನನ್ನ ಒಪ್ಕೊಂಡ್ಬಿಟ್ರು" ಎಂದ.

ನಗರಗೆರೆಯಲ್ಲಿ ಹಾಲಿನ ಡೈರಿಯ ಜಗಲಿಯ ಮುಂದೆ ಹೆಂಗಸರು ಚಾಪೆ ಹಾಸಿಕೊಂಡು ಕೂತಿದ್ದರು. ಉದಯಕುಮಾರ್ ಇಳಿಯುತ್ತಲೇ ಒಬ್ಬಳು, ಹೋದ ಸಲ ನೀನು ಹೇಳಿಕೊಟ್ಟ ಹಾಗೇ ಹಾಕಿದ್ದೇನೆ ನೋಡು ಎಂದು ಸೆರಗಿನ ಕುಚ್ಚು ತೋರಿಸಿದಳು. ಅವನು ಅದನ್ನು ಹಿಡಿದು ನೋಡಿ, ಗಂಟು ಬಿಗಿ ಸಾಲದೆಂದ. ವರಲಕ್ಷ್ಮಿ ಮಾತಾಡಿದಳು. ತಿರುಮಲೇಶ ಹಾಳೆ ತಿರುಗಿಸಿದ. ಒಂದು ಹಾಳೆ ತಲೆಕೆಳಗಾಗಿ ಹಿಡಿದದ್ದು ಗೊತ್ತಾಗುವಷ್ಟರಲ್ಲಿ ಹೆಂಗಸರೆಲ್ಲ ಕತ್ತು ಓರೆ ಮಾಡಿಕೊಂಡು ನೋಡುತ್ತಿದ್ದರು. ಆಮೇಲೆ ಉದಯಕುಮಾರ್ ಚೀಲದಿಂದ ಮರದ ಮಾದರಿಯನ್ನು ತೆಗೆದು ಜಗಲಿಯ ಮೇಲಿಟ್ಟು, ಅದಕ್ಕೆ ನಿರೋಧ್ ಹಾಕುವುದನ್ನು ತೋರಿಸತೊಡಗಿದ. ಸೆರಗುಗಳೆಲ್ಲ ಬಾಯಿಗೆ ಹೋದವು. ತಿರುಮಲೇಶ ದೂರದ ನೀರಿನ ಟ್ಯಾಂಕನ್ನು ಏಕಾಗ್ರತೆಯಿಂದ ನೋಡಿದ. ಮುಂದಿನ ಸಾಲಿನಲ್ಲಿ ಕಾಲು ನೀಡಿ ಕೂತಿದ್ದ ಚಿಕ್ಕಮುನಿಯಮ್ಮ ಎಂಬ ಮುದುಕಿ ಮಾತ್ರ ಮುಂದಕ್ಕೆ ಬಾಗಿ ಮುಟ್ಟಿ ನೋಡಿ, "ನಮ್ಮನೆ ಮುದ್ದೆ ಕೋಲೂ ಇಷ್ಟು ನುಣ್ಣಗಿಲ್ಲ ಕಣಮ್ಮಾ" ಎಂದಳು. ಡೈರಿಯ ಕ್ಯಾನುಗಳು ಅದುರುವಂತೆ ನಗು ಎದ್ದಿತು.

ನಗು ಇಳಿದ ಮೇಲೆ ಚಿಕ್ಕಮುನಿಯಮ್ಮ ಉದಯಕುಮಾರನಿಗೆ, "ಇಷ್ಟೆಲ್ಲಾ ಗೊತ್ತೈತಲ್ಲ, ನೀನ್ಯಾಕೋ ಮದುವೆ ಆಗಿಲ್ಲ?" ಎಂದಳು.

"ನಂಗೆ ಗಂಡಸರೇ ಇಷ್ಟ ಅಜ್ಜಿ. ಹೋದ್ಸಲಾನೂ ಹೇಳಿದ್ನಲ್ಲ."

"ಹೇಳಿದ್ದೆ ಹೇಳಿದ್ದೆ. ಮರ್ತೋಯ್ತು."

ಅಷ್ಟೇ. ಆಕಾಶ ಬೀಳಲಿಲ್ಲ. ಯಾರೋ ಮಗುವಿನ ಮೂಗು ಒರೆಸಿದರು. ತಾನು ನಲವತ್ತು ವರ್ಷ ಬೀಗ ಹಾಕಿ, ಬೀಗದ ಕೈಯನ್ನೂ ಬಚ್ಚಿಟ್ಟು ಕಾದ ಮಾತನ್ನು ಈ ಮುದುಕಿ ಕೇಳಿಸಿಕೊಂಡು ಮರೆತುಬಿಟ್ಟಿದ್ದಳು. ಮರೆಯುವಷ್ಟು ಸಾಮಾನ್ಯವಾದದ್ದೇ ಅದು? ಅವನು ಹಾಳೆಗಳ ಸುರುಳಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಾಗ ಚಿಕ್ಕಮುನಿಯಮ್ಮನ ಕಣ್ಣು ಅವನ ಕಡೆ ಹೊರಳಿತು.

"ಈಯಪ್ಪ ಯಾರು? ಹೊಸಬ. ಏನಪ್ಪಾ, ನೀನೂ ಇವರ ಪೈಕೀನೇನಾ?"

ಹೆಂಗಸರೆಲ್ಲ ಅವನನ್ನು ನೋಡಿದರು. ಉದಯಕುಮಾರ್ ಏನೋ ಹೇಳಿ ಅವನನ್ನು ಪಾರುಮಾಡಲು ಬಾಯಿ ತೆರೆದ. ವರಲಕ್ಷ್ಮಿ ಉದಯಕುಮಾರನ ತೋಳು ಹಿಡಿದು ತಡೆದದ್ದು ತಿರುಮಲೇಶನಿಗೆ ಕಣ್ಣಂಚಿನಲ್ಲಿ ಕಂಡಿತು. ಹಲ್ಲು, ತರಬೇತಿ, ಹೆಣ್ಣು ನೋಡುವುದು, ಮಂಡಿಕಲ್ಲಿನ ದ್ರಾಕ್ಷಿ, ಬೆಳಿಗ್ಗೆಯಿಂದ ಹೇಳಿದ್ದೆಲ್ಲವೂ ಬಾಯಿಗೆ ಬಂದು ನಿಂತು, ಯಾವುದೂ ಈ ಪ್ರಶ್ನೆಗೆ ಹೊಂದದೆ ಹಿಂದಕ್ಕೆ ಸರಿದವು. ರಮೇಶ್‌ಬಾಬು ಇದ್ದಾಗ ಅವನಿಗೂ ಹೇಳಿರದ, ಕನ್ನಡಿಗೂ ಹೇಳಿರದ ಒಂದು ವಾಕ್ಯ ಮಾತ್ರ ಉಳಿಯಿತು. ಕರ್ಮ, ಕ್ರಿಯಾಪದ ಏನೂ ಇಲ್ಲದ, ವ್ಯಾಕರಣಕ್ಕೆ ವಾಕ್ಯವೇ ಅಲ್ಲದ ವಾಕ್ಯ.

"ಹೂನಮ್ಮ" ಎಂದ. ಎಂಟನೆಯ ತರಗತಿಯ ಕೊನೆಯ ಬೆಂಚಿಗೂ ಕೇಳುವಂಥ ದನಿ ಬಂದುಬಿಟ್ಟಿತು. "ನಾನೂ ಇವರ ಪೈಕೀನೇ."

ಚಿಕ್ಕಮುನಿಯಮ್ಮನ ಮುಖ ಬೆಳಗಿತು. "ಅಂಗನ್ನು ಮತ್ತೆ! ನೀನೂ ಆಸ್ಪತ್ರೆಯೋನೇ! ಎಷ್ಟ್ ಹೊತ್ತಿಂದ ಸುಮ್ನೆ ನಿಂತಿದೀಯ, ಬಾ ಇಲ್ಲಿ, ಈ ಮಂಡಿ ಸ್ವಲ್ಪ ನೋಡು. ಏಳೋಕಾಗಲ್ಲ, ಕೂರೋಕಾಗಲ್ಲ. ಬಂದೋರೆಲ್ಲಾ ಆ ಮುದ್ದೆ ಕೋಲೇ ತೋರ್ಸಿ ಹೋಗ್ತಾರೆ, ನನ್ ಮಂಡಿ ಮುಟ್ಟೋರಿಲ್ಲ." ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿ ಸಿದ್ಧಳಾದಳು.

ಹಿಂದಿನಿಂದ ಒಂದು ಸದ್ದು ಬಂತು. ವರಲಕ್ಷ್ಮಿ ಡೈರಿಯ ಕಂಬಕ್ಕೆ ಒರಗಿ, ಸೆರಗನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಸುರಿಯುವಂತೆ ನಗುತ್ತಿದ್ದಳು. ಉದಯಕುಮಾರ್ ಅವಳ ಬೆನ್ನು ನೀವುತ್ತಿದ್ದ. ತಿರುಮಲೇಶನಿಗೆ ತನ್ನ ಜೀವನದ ಏಕೈಕ ಸತ್ಯ ಹೀಗೆ ಮಂಡಿನೋವಿಗೆ ಸಂದಾಯವಾದದ್ದಕ್ಕೆ ನೋಯಬೇಕೋ ಏನೋ ತಿಳಿಯಲಿಲ್ಲ. ನೋವು ಬರುತ್ತದೆಯೇ ಎಂದು ಒಂದು ಕ್ಷಣ ಕಾದ, ಬರಲಿಲ್ಲ. ಹಾಳೆಗಳ ಸುರುಳಿಯನ್ನು ಉದಯಕುಮಾರನ ಕೈಗೆ ಕೊಟ್ಟು, ಪ್ಯಾಂಟು ಮೇಲಕ್ಕೆಳೆದುಕೊಂಡು, ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಮುದುಕಿಯ ಒಣ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದ.

"ಇಲ್ಲಿ ನೋವಾಮ್ಮ?"

"ಅಲ್ಲ ಕಣಪ್ಪ. ಇನ್ನೂ ಸ್ವಲ್ಪ ಕೆಳಗೆ."